ಬಿಸಿ ಗಡಿಗೆ ಮೇಲೆ ಕುದುರೆ ಕೂದಲು

ನನ್ನ ಗಡಿಗೆಗಳ ಫೋಟೋ ಹಾಕಿದಾಗಲೆಲ್ಲ ಅದೇ ಪ್ರಶ್ನೆ. "ಈ ಗೆರೆ ಯಾವ ಪೆನ್ನಲ್ಲಿ ಎಳೆದ್ರಿ ಮೇಡಂ?" ಪೆನ್ನೂ ಇಲ್ಲ, ಬ್ರಷ್ಷೂ ಇಲ್ಲ. ಅದು ಕುದುರೆ ಬಾಲದ ಕೂದಲು ಸುಟ್ಟ ಗುರುತು ಅಂದರೆ ಅರ್ಧ ಜನ ನಂಬುವುದಿಲ್ಲ, ಉಳಿದವರು "ಛೀ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಅದಕ್ಕೇ ಒಟ್ಟಿಗೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಕೆಲಸ ಹೇಳಲಿಕ್ಕೆ ಸುಲಭ. ಒಮ್ಮೆ ಸುಟ್ಟ, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಚ್ಚದ ಗಡಿಗೆಯನ್ನು ಮತ್ತೆ ಭಟ್ಟಿಯಲ್ಲಿಟ್ಟು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಬೇಕು. ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆದು ಇಟ್ಟಿಗೆ ಮೇಲೆ ನಿಲ್ಲಿಸಿ, ಅದರ ಮೈಗೆ ಕೂದಲು ತಾಗಿಸಬೇಕು. ಕೂದಲು ಅಲ್ಲೇ ಸುಡುತ್ತದೆ. ಅದರ ಇಂಗಾಲ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಕೂತುಬಿಡುತ್ತದೆ. ಗಡಿಗೆ ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂದಿ ಹೋಗುತ್ತದೆ, ಗೆರೆ ಹೋಗುವುದಿಲ್ಲ. ಬಾಲದ ಕೂದಲು ದಪ್ಪ, ಗೆರೆಯೂ ದಪ್ಪ. ಕತ್ತಿನ ಮೇಲಿನ ಕೂದಲು ಸಣ್ಣ, ಅದು ಜೇಡರ ಬಲೆಯಷ್ಟು ನವಿರಾದ ಗೆರೆ ಕೊಡುತ್ತದೆ. ಕುದುರೆ ಬಿಳಿಯದೋ ಕಂದೋ ಕಪ್ಪೋ ಅನ್ನುವುದು ಲೆಕ್ಕಕ್ಕಿಲ್ಲ, ಸುಟ್ಟ ಮೇಲೆ ಎಲ್ಲವೂ ಕಪ್ಪೇ. ಮನುಷ್ಯರ ಕೂದಲಿನಿಂದಲೂ ಆಗುತ್ತದೆ, ಆದರೆ ಅದು ಸಣ್ಣ, ಗುರುತು ಮಸುಕು.

ಕಷ್ಟ ಇರುವುದು ಕೂದಲಿನಲ್ಲಿ ಅಲ್ಲವೇ ಅಲ್ಲ. ಕಷ್ಟವೆಲ್ಲ ಮಣ್ಣಿನಲ್ಲಿ.

ಬಳ್ಳಾರಿ ಸುತ್ತಲಿನ ಎರೆಮಣ್ಣು ಹತ್ತಿಗೆ, ಜೋಳಕ್ಕೆ, ಮೆಣಸಿನಕಾಯಿಗೆ ಚೆನ್ನ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಕಾಲು ಸಿಕ್ಕಿಕೊಳ್ಳುತ್ತದೆ ಅಂದಮೇಲೆ ಅದೇ ಮಣ್ಣು ಗಡಿಗೆಯಾಗಿ ಸುಮ್ನೆ ಇರುತ್ತದೆಯೇ? ಕುಂಬಾರರು ಇದನ್ನು ಮುಟ್ಟುವುದಿಲ್ಲ. ಕೆರೆಯ ಗೋಡು ತರುತ್ತಾರೆ, ಸೋಸುತ್ತಾರೆ, ಮರಳು, ಬೂದಿ, ಲದ್ದಿ ಸೇರಿಸಿ ತುಳಿಯುತ್ತಾರೆ. ಆ ಮಣ್ಣು ಅವರ ಆವಿಗೆಗೆ ಸರಿಯಾಗಿಯೇ ಇದೆ, ಯಾಕೆಂದರೆ ಆವಿಗೆಯೊಳಗೆ ಗಡಿಗೆ ನಿಧಾನಕ್ಕೆ ಕಾದು, ರಾತ್ರಿಯೆಲ್ಲ ಬೂದಿಯೊಳಗೇ ಮಲಗಿ, ನಿಧಾನಕ್ಕೆ ಆರುತ್ತದೆ.

ಕುದುರೆ ಕೂದಲಿನ ಗಡಿಗೆಗೆ ಆ ಸುಖ ಇಲ್ಲ. ಕೆಂಪಗೆ ಕಾದಿದ್ದನ್ನು ಒಂದೇ ಏಟಿಗೆ ಬಯಲಿಗೆ ತರುತ್ತೇವೆ. ಮಣ್ಣಿನೊಳಗೆ ಕ್ವಾರ್ಟ್ಜ್ ಕಣಗಳಿರುತ್ತವೆ, ಅಂದರೆ ಮರಳಿನ ಕಣಗಳೇ. ಅವು ಕಾಯುವಾಗ ಮತ್ತು ಆರುವಾಗ 573 ಡಿಗ್ರಿ ದಾಟುವ ಹೊತ್ತಿಗೆ ತಟ್ಟನೆ ಗಾತ್ರ ಬದಲಿಸುತ್ತವೆ. ಗಡಿಗೆಯ ಗಾಳಿ ಬಡಿದ ಮಗ್ಗುಲು ಮೊದಲು ಆರಿ, ಇನ್ನೊಂದು ಮಗ್ಗುಲು ಇನ್ನೂ ಬಿಸಿಯಾಗಿದ್ದರೆ ಎರಡೂ ಎಳೆದಾಡಿಕೊಂಡು ಟಣ್ ಅಂತ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಮುಗಿಯಿತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆಯೂ ಬೇಕಿಲ್ಲ, ಆಷಾಢದ ಗಾಳಿ ಒಂದಿದ್ದರೆ ಸಾಕು.

ಇದಕ್ಕೆ ಮದ್ದು ಹೇಳಿಕೊಟ್ಟಿದ್ದು ನಮ್ಮ ಕುಂಬಾರ ತಾತ. ಊರ ಹೊರಗೆ ಅವರ ಆವಿಗೆ ಇದೆ, ದೀಪಾವಳಿಗೆ ಪಣತಿ, ಬೇಸಿಗೆಗೆ ನೀರಿನ ಗಡಿಗೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಮಾರುತ್ತಾರೆ. ವಿದೇಶಿ ವಿಡಿಯೋಗಳಲ್ಲಿ ಸುಟ್ಟ ಮಣ್ಣಿನ ಪುಡಿ ಬೆರೆಸಿ ಅಂತ ಹೇಳುವುದನ್ನು ನಾನೂ ನೋಡಿದ್ದೆ, ಪೇಟೆಯಿಂದ ಚೀಲಗಟ್ಟಲೆ ತರಿಸಬೇಕು ಅಂದುಕೊಂಡಿದ್ದೆ. ತಾತ ನಕ್ಕರು. "ಸುಟ್ಟಿದ್ದನ್ನ ಹಸೀದಕ್ಕ ಕೂಡ್ಸವ್ವ, ಅದು ಹಿಡ್ಕಂತೈತಿ. ಮನಿ ಮ್ಯಾಲ ಒಡದ ಹೆಂಚು ಇಲ್ಲೇನು?" ಒಡೆದ ಹೆಂಚನ್ನು ಕುಟ್ಟಿ, ಸೊಳ್ಳೆ ಪರದೆಯಲ್ಲಿ ಜರಡಿ ಹಿಡಿದು, ಮಣ್ಣಿಗೆ ಧಾರಾಳವಾಗಿ ಸೇರಿಸಿದೆ. ಆ ಪುಡಿ ಒಮ್ಮೆ ಬೆಂಕಿ ಕಂಡಿರುವುದರಿಂದ ಮತ್ತೆ ಕುಗ್ಗುವುದಿಲ್ಲ, ಹಸಿ ಮಣ್ಣಿನ ನಡುವೆ ಗೂಟದ ಹಾಗೆ ನಿಂತು ಬಿರುಕು ಮುಂದೆ ಓಡದಂತೆ ತಡೆಯುತ್ತದೆ. ಒಡೆಯುವುದು ಪೂರ್ತಿ ನಿಂತಿತು ಅಂತ ಹೇಳಲ್ಲ, ಆದರೆ ಭಟ್ಟಿ ಬಾಗಿಲು ತೆರೆಯುವಾಗ ಈಗ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ.

ಎರಡನೆಯ ತೊಡಕು ಬಣ್ಣ. ಸಂಡೂರು ಗುಡ್ಡದ ಕಬ್ಬಿಣ ನಮ್ಮ ಧೂಳಿನಲ್ಲೂ ಇದೆ ಅಂದರೆ ತಪ್ಪಾಗಲ್ಲ, ಇಲ್ಲಿನ ಮಣ್ಣು ಸುಟ್ಟರೆ ಕೆಂಪಗೇ ಬರುತ್ತದೆ. ಕೆಂಪಿನ ಮೇಲೆ ಕಪ್ಪು ಗೆರೆ ಎದ್ದು ಕಾಣುವುದಿಲ್ಲ. ಹಾಗಾಗಿ ಮೇಲೊಂದು ಬಿಳಿ ಮಣ್ಣಿನ ಲೇಪ ಬೇಕು. ಬಾಲ್ ಕ್ಲೇ ಅನ್ನುವ ನುಣುಪಾದ ಬಿಳಿ ಮಣ್ಣು ತರಿಸಿ, ನೀರಿಗೆ ಕಲೆಸಿ, ಕಣಗಳು ಒಂದಕ್ಕೊಂದು ಅಂಟದಂತೆ ಒಂದೆರಡು ಹನಿ ಸೋಡಿಯಂ ಸಿಲಿಕೇಟ್ ಹಾಕಿ, ಅಲುಗಾಡಿಸದೆ ಇಡಬೇಕು. ದಪ್ಪ ಕಣ ತಳಕ್ಕೆ ಕೂರುತ್ತದೆ, ನಡುವೆ ಹಾಲಿನಂಥ ತೆಳು ನೀರು ನಿಲ್ಲುತ್ತದೆ. ಆ ತೆಳು ನೀರನ್ನಷ್ಟೇ ಪೈಪಿನಿಂದ ಎಳೆದುಕೊಂಡು, ಪೂರ್ತಿ ಒಣಗಿದ, ಇನ್ನೂ ಸುಡದ ಗಡಿಗೆಗೆ ಮೆತ್ತನೆಯ ಬ್ರಷ್ಷಿನಲ್ಲಿ ಕೆಲವು ಸುತ್ತು ಹಚ್ಚಿ, ತೇವ ಹೀರಿಕೊಳ್ಳುವ ಮೊದಲೇ ಉಜ್ಜಬೇಕು. ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಉಜ್ಜಿದರೆ ಹೊಳಪು ಬರುತ್ತದೆ. ನನಗೆ ಅದಕ್ಕಿಂತ ಹೊಳೆದಂಡೆಯ ನುಣುಪು ಕಲ್ಲೇ ಇಷ್ಟ. ಕಂಪ್ಲಿ ಹತ್ತಿರ ತುಂಗಭದ್ರೆಯಲ್ಲಿ ಆರಿಸಿದ ಒಂದು ಕಲ್ಲು ಇದೆ, ಅದನ್ನು ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿ ಇಟ್ಟಿರುತ್ತೇನೆ.

ಇದಾದ ಮೇಲೆ ಮೊದಲ ಸುಡುವಿಕೆ, 900 ಡಿಗ್ರಿ ಆಸುಪಾಸು. ಜಾಸ್ತಿ ಕಾಯಿಸಿದರೆ ಎರಡು ನಷ್ಟ. ಉಜ್ಜಿದ ಹೊಳಪು ಮಾಸುತ್ತದೆ, ರಂಧ್ರಗಳೂ ಮುಚ್ಚುತ್ತಾ ಹೋಗುತ್ತವೆ. ರಂಧ್ರ ಇಲ್ಲದ ಮೇಲೆ ಇಂಗಾಲ ಎಲ್ಲಿ ಕೂರಬೇಕು ಹೇಳಿ? ಹೊರಗಿನವರಿಗೆ ಇದು ಗಟ್ಟಿ ಗಡಿಗೆ ಅನ್ನಿಸುತ್ತದೆ, ನಿಜ ಹೇಳಬೇಕೆಂದರೆ ಇದನ್ನು ಬೇಕಂತಲೇ ಅರೆಬೆಂದಂತೆ ಇಟ್ಟಿರುತ್ತೇವೆ.

ಭಟ್ಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಎಣ್ಣೆ ಡ್ರಮ್ಮು, ಒಳಗೆ ಸೆರಾಮಿಕ್ ಫೈಬರ್ ಹೊದಿಕೆ, ಕೆಳಗೆ ಗ್ಯಾಸ್ ಬರ್ನರ್, ಮೇಲೊಂದು ಮುಚ್ಚಳ. ವೆಲ್ಡಿಂಗ್ ಅಂಗಡಿಯವರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟರು. ಉಕ್ಕಿನ ಕಾರ್ಖಾನೆಗಳಿರುವ ಜಿಲ್ಲೆಯಲ್ಲಿ ಇರುವುದರಿಂದ ಒಂದು ಅನುಕೂಲ, ಬೆಂಕಿ ತಡೆಯುವ ಕೈಗವಸು, ಉದ್ದ ಇಕ್ಕಳ, ಶಾಖ ಅಳೆಯುವ ಮೀಟರು ಇವನ್ನೆಲ್ಲ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ.

ಈಗ ಕೂದಲಿನ ಮಾತು. ಹೊಳೆದಂಡೆಯ ಹಂಪಿಯಲ್ಲಿ ಹಜಾರರಾಮ ಗುಡಿಯ ಪ್ರಾಕಾರದ ಗೋಡೆ ನೋಡಿ, ಸಾಲುಸಾಲು ಕುದುರೆ. ಮಹಾನವಮಿ ದಿಬ್ಬದ ಮೇಲೂ ಕುದುರೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟ ಪ್ರಕಾರ ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ, ಪರ್ಷಿಯನ್ ಕೊಲ್ಲಿಯ ಬಂದರು ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದವು ಮತ್ತು ಇಲ್ಲಿನ ನಾಟಿ ತಳಿಯವು ಸೇರಿ. ಅಂಥ ಸೀಮೆಯಲ್ಲಿ ಕೂತು ಒಂದು ಹಿಡಿ ಕೂದಲಿಗೆ ನಾನು ಅಲೆದ ಅಲೆದಾಟ ಹೇಳತೀರದು. ಜಟಕಾ ಈಗೆಲ್ಲಿ? ಕೊನೆಗೆ ಕೌಲ್ ಬಜಾರ್ ಕಡೆ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಒಬ್ಬ ಚಾಚಾ ಸಿಕ್ಕರು.

"ನರೂಲಿಗೆ ಕಟ್ಟಾಕ ಏನು ಮೇಡಂ?" ಅಂದರು ಮೊದಲಿಗೆ. ನಮ್ಮ ಕಡೆ ಕುದುರೆ ಕೂದಲು ಕೇಳಿಕೊಂಡು ಬರುವವರು ಅದಕ್ಕೇ ಬರುವುದು, ನರೂಲಿಯ, ಅಂದರೆ ಚರ್ಮದ ಮೇಲಿನ ನರಹುಲಿಯ ಬುಡಕ್ಕೆ ಬಿಗಿದು ಕಟ್ಟಿದರೆ ಉದುರುತ್ತದೆ ಅಂತ. ನಾನು ಗಡಿಗೆಗೆ ಅಂದೆ. ಅವರಿಗೆ ನಗು ತಡೆಯಲಿಲ್ಲ. ಆಮೇಲೆ ಗಂಭೀರವಾಗಿ, "ಕತ್ತರಿ ಮಾತ್ರ ಹಚ್ಚಂಗಿಲ್ಲ ನೋಡ್ರಿ. ಸೀಜನ್ ಐತಿ. ಬಾಲ ಇಲ್ದ ಕುದ್ರಿ ಮ್ಯಾಗ ಯಾವ ಮದುಮಗ ಕುಂದರ್ತಾನ?" ಅಂದರು. ನನಗೂ ಕತ್ತರಿಸುವುದು ಬೇಕಿರಲಿಲ್ಲ. ನೊಣ ಓಡಿಸಲಿಕ್ಕೆ ಅದಕ್ಕಿರುವುದೇ ಆ ಬಾಲ. ದಿನಾ ಬಾಚುವಾಗ ಬಾಚಣಿಗೆಗೆ ಬರುವ ಕೂದಲು ಸಾಕು ಅಂದೆ. ಈಗ ಅವರ ಮೊಮ್ಮಗ ಅದನ್ನು ಒಂದು ಡಬ್ಬಿಯಲ್ಲಿ ಕೂಡಿಸಿಡುತ್ತಾನೆ. ತಂದ ಮೇಲೆ ಶಾಂಪೂ ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಕೊಬ್ಬರಿ ಎಣ್ಣೆ, ಧೂಳು, ಮೆರವಣಿಗೆಯ ಚಮಕಿ ಎಲ್ಲ ಗಡಿಗೆ ಮೇಲೆ ಕಲೆಯಾಗಿ ಕೂರುತ್ತದೆ. ಉದ್ದುದ್ದ ಹರವಿ ಒಣಗಿಸಿ, ದಪ್ಪದ್ದು ಬೇರೆ, ಸಣ್ಣದ್ದು ಬೇರೆ ಮಾಡಿಟ್ಟುಕೊಳ್ಳುವುದು. ಭಟ್ಟಿ ಕಾದ ಮೇಲೆ ಹುಡುಕುತ್ತಾ ಕೂರಲಿಕ್ಕೆ ಪುರಸೊತ್ತಿರುವುದಿಲ್ಲ.

ಆ ಹೊತ್ತು ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಗಿನ ಆರು ಗಂಟೆ, ಯಾಕೆಂದರೆ ಬಳ್ಳಾರಿ ಬಿಸಿಲಿನಲ್ಲಿ ಹತ್ತರ ಮೇಲೆ ಭಟ್ಟಿ ಮುಂದೆ ನಿಲ್ಲಲಿಕ್ಕೆ ಯಾರಿಂದಲೂ ಆಗದು. ಮುಚ್ಚಳ ತೆಗೆದಾಗ ಗಡಿಗೆ ಮಂದ ಕೆಂಪಿಗೆ ಹೊಳೆಯುತ್ತಿರುತ್ತದೆ. ಹೊರಗೆ ಇಟ್ಟು ಕೆಂಪು ಇಳಿಯುವ ತನಕ ಕಾಯಬೇಕು. ಒಂದು ಕೂದಲನ್ನು ಎರಡು ಬೆರಳಲ್ಲಿ ಹಿಡಿದು ತುದಿ ತಾಗಿಸಿ ನೋಡುವುದು. ಭಗ್ ಅಂತ ಹತ್ತಿ ಉರಿದು ಏನೂ ಉಳಿಯದಿದ್ದರೆ ಇನ್ನೂ ಜಾಸ್ತಿ ಬಿಸಿ, ಇಂಗಾಲ ಗಾಳಿಯಲ್ಲಿ ಸುಟ್ಟುಹೋಯಿತು ಅಂತ ಅರ್ಥ. ಕರಗಿ ಗೋಂದಿನಂತೆ ಅಂಟಿ ಬುರುಬುರು ಅಂದರೆ ತಡವಾಯಿತು, ಅದನ್ನು ಆಮೇಲೆ ಉಗುರಲ್ಲಿ ಕೆರೆದು ತೆಗೆಯಬೇಕು. ಇವೆರಡರ ನಡುವೆ ಒಂದೆರಡು ನಿಮಿಷ ಸಿಗುತ್ತದೆ. ಆಗ ತುದಿ ತಾಗಿದ ಕೂಡಲೇ ಕೂದಲು ತಾನೇ ಮೈಗೆ ಎಳೆದುಕೊಂಡಂತೆ ಅಂಟಿ, ಚುರ್ ಅಂತ ನುಲಿದು, ನಾನು ಇಡಬೇಕು ಅಂದುಕೊಂಡ ದಾರಿ ಬಿಟ್ಟು ತನ್ನದೇ ದಾರಿ ಹಿಡಿಯುತ್ತದೆ. ಕಪ್ಪು ಗೆರೆ, ಅದರ ಎರಡೂ ಬದಿಗೆ ತೆಳುವಾದ ಬೂದು ಹೊಗೆ. ಒಂದು ಕೂದಲು ಮುಗಿಯುವಷ್ಟರಲ್ಲಿ ಇನ್ನೊಂದು. ಒಂದೇ ಕಡೆ ಹಿಡಿಯಷ್ಟು ಹಾಕಿದರೆ ಗೆರೆ ಹೋಗಿ ಬರೀ ಮಸಿ. ಎಲ್ಲಿ ಖಾಲಿ ಬಿಡಬೇಕು ಅನ್ನುವುದೇ ಕೈಗೆ ಬರಬೇಕಾದ ವಿದ್ಯೆ. ಮೊದಮೊದಲು ಮಾಡುವವರೆಲ್ಲ ಬಾಯಿಯಿಂದ ತಳದವರೆಗೂ ಗೆರೆ ತುಂಬಿಸಿಬಿಡುತ್ತಾರೆ, ನೋಡಿದರೆ ಯಾರೋ ಸಿಟ್ಟಿನಲ್ಲಿ ಗೀಚಿದ ಹಾಗೆ ಇರುತ್ತದೆ.

ವಾಸನೆ ಬಗ್ಗೆ ಮುಚ್ಚುಮರೆ ಬೇಡ. ಕೂದಲಿನಲ್ಲಿ ಗಂಧಕ ಇರುತ್ತದೆ, ಸುಟ್ಟರೆ ಕೆಟ್ಟ ನಾತ. ಪಕ್ಕದ ಮನೆ ಅಕ್ಕ ಕಾಂಪೌಂಡಿನಿಂದ ಇಣುಕಿ "ಏನ್ರೀ ಟೀಚರ್, ಬೆಳ್ಬೆಳಿಗ್ಗೆ ಏನ್ ಸುಡಾಕತ್ತೀರಿ?" ಅಂತ ಕೇಳಿದ್ದಕ್ಕೆ ಒಂದು ಹೂದಾನಿ ಕೊಟ್ಟು ಸಮಾಧಾನ ಮಾಡಿದ್ದೇನೆ. ಮಾಸ್ಕ್ ಹಾಕಿಕೊಳ್ಳಿ, ಬಯಲಲ್ಲೇ ಮಾಡಿ.

ಕೋಳಿ ಪುಕ್ಕ ಇಟ್ಟರೆ ಪುಕ್ಕದ ಆಕಾರವೇ ಅಚ್ಚಾಗುತ್ತದೆ, ಚೆನ್ನಾಗಿರುತ್ತದೆ. ಸಕ್ಕರೆ ಚಿಮುಕಿಸಿದರೆ ಕಪ್ಪು ಚುಕ್ಕೆ. ಕೆಲವರು ಫೆರಿಕ್ ಕ್ಲೋರೈಡ್ ಸಿಂಪಡಿಸಿ ಕೇಸರಿ, ಕಂದು ಬಣ್ಣ ತರಿಸುತ್ತಾರೆ. ಫೋಟೋದಲ್ಲಿ ನೋಡಲಿಕ್ಕೆ ಭರ್ಜರಿ, ಆದರೆ ಬಿಸಿ ಗಡಿಗೆ ಮೇಲೆ ಅದು ಬಿದ್ದಾಗ ಏಳುವ ಹೊಗೆಯಲ್ಲಿ ಆಮ್ಲ ಇರುತ್ತದೆ, ಗಂಟಲು, ಶ್ವಾಸಕೋಶ, ಇಕ್ಕಳದ ಕಬ್ಬಿಣ ಯಾವುದನ್ನೂ ಬಿಡುವುದಿಲ್ಲ. ನಾನು ಮಾಡುವುದಿಲ್ಲ, ಮಕ್ಕಳಿರುವ ಮನೆಯಲ್ಲಿ ಯಾರೂ ಮಾಡಬಾರದು.

ಇನ್ನು ಇದು ಎಲ್ಲಿಂದ ಬಂತು ಅನ್ನುವುದು. ಅಮೆರಿಕದ ನೈರುತ್ಯ ಭಾಗದ ಮೂಲನಿವಾಸಿ ಕುಂಬಾರರದ್ದು ಅಂತ ಹೇಳುತ್ತಾರೆ, ನ್ಯೂ ಮೆಕ್ಸಿಕೋದ ಅಕೋಮಾ ಊರಿನವರು ಮತ್ತು ನವಾಹೊ ಜನ ಇವತ್ತಿಗೂ ಮಾಡಿ ಮಾರುತ್ತಾರೆ. ಒಬ್ಬ ಹೆಣ್ಣುಮಗಳು ಬಿಸಿ ಗಡಿಗೆ ತೆಗೆಯುವಾಗ ಗಾಳಿಗೆ ಅವಳ ಉದ್ದ ಜಡೆಯ ಕೂದಲು ತಾಗಿ ಗೆರೆ ಮೂಡಿತು ಅನ್ನುವ ಕಥೆಯೂ ಇದೆ. ಕಥೆ ಚೆನ್ನಾಗಿದೆ, ಇರಲಿ. ಆದರೆ ಆನ್‌ಲೈನಿನಲ್ಲಿ ಇದನ್ನು "ಸಾವಿರಾರು ವರ್ಷದ ಪುರಾತನ ಕಲೆ" ಅಂತ ಮಾರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಆ ಖಂಡದ ಹಳೇ ಕುದುರೆಗಳು ಸುಮಾರು 10,000 ವರ್ಷದ ಹಿಂದೆಯೇ ಅಳಿದುಹೋಗಿದ್ದವು. ಮತ್ತೆ ಕುದುರೆ ಕಾಲಿಟ್ಟಿದ್ದು ಕೊಲಂಬಸ್‌ನ ಎರಡನೇ ಯಾನದಲ್ಲಿ, 1493ರಲ್ಲಿ, ಕೆರಿಬಿಯನ್ ದ್ವೀಪಗಳಿಗೆ. ಕುದುರೆಯೇ ಇಲ್ಲದೆ ಕುದುರೆ ಕೂದಲು ಎಲ್ಲಿಂದ?

ಸಾವಿರಾರು ವರ್ಷ ಅನ್ನುವ ಮಾತು ಬೇಕಿದ್ದರೆ ನಮ್ಮ ಕಡೆಗೇ ಬನ್ನಿ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಕೈಯಿಂದಲೇ ತಟ್ಟಿ, ಕಲ್ಲಿನಲ್ಲಿ ಉಜ್ಜಿ ನುಣುಪು ಮಾಡಿದ ಬೂದು ಬಣ್ಣದ ಮಡಕೆ ಮಾಡುತ್ತಿದ್ದರು. ಆ ಜಾಗವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಊರಲ್ಲೇ ಇದೆ, ಎಷ್ಟು ಜನ ನೋಡಿದ್ದೀರೋ ಗೊತ್ತಿಲ್ಲ. ಆ ಬೂದು ಬಣ್ಣ ಬಂದಿದ್ದು ಗಾಳಿ ಕಡಿಮೆ ಇರುವ ಬೆಂಕಿಯಿಂದ. ಅದಾದ ಮೇಲೆ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು. ಗಂಗಾವತಿ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ಮನೆಯಂಥ ಸಮಾಧಿಗಳಿವೆಯಲ್ಲ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು, ಆ ಕಾಲದವು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ ಅನ್ನುವುದು ಎಲ್ಲರಿಗೂ ಗೊತ್ತು. 1954ರಲ್ಲಿ ಬಿ.ಕೆ. ಥಾಪರ್ ಅಲ್ಲೇ ಅಗೆದಾಗ ಈ ಕಪ್ಪು-ಕೆಂಪು ಮಡಕೆಗಳೂ ಸಿಕ್ಕವು ಅನ್ನುವುದು ಯಾರಿಗೂ ಬೇಡ.

ಇವುಗಳ ಒಳಗೂ ಬಾಯಿಯೂ ಕಪ್ಪು, ಹೊರಗಿನ ಕೆಳಭಾಗ ಕೆಂಪು. ಒಂದೇ ಮಡಕೆ, ಎರಡು ಬಣ್ಣ, ಬಣ್ಣ ಮಾತ್ರ ಹಚ್ಚಿಲ್ಲ. ಬೋರಲು ಹಾಕಿ ಸುಡುತ್ತಿದ್ದರು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಒಳಗೆ ಹುಲ್ಲು, ಸೊಪ್ಪು, ಹೊಟ್ಟು ತುಂಬಿ ಬೂದಿಯಲ್ಲಿ ಬಾಯಿ ಹುದುಗಿಸಿದರೆ ಆ ಭಾಗಕ್ಕೆ ಗಾಳಿ ಹೋಗುವುದಿಲ್ಲ, ಇಂಗಾಲ ಮಣ್ಣಿಗೆ ಇಳಿದು ಕಪ್ಪಾಗುತ್ತದೆ. ಹೊರಗಡೆ ಗಾಳಿ ತಾಗಿ ಕಬ್ಬಿಣ ಕೆಂಪಾಗುತ್ತದೆ. ಕುದುರೆ ಕೂದಲು ಮಾಡುವುದೂ ಇದನ್ನೇ ಅಲ್ವಾ? ಅದು ಒಂದು ಗೆರೆಯಷ್ಟು ಜಾಗದಲ್ಲಿ ಮಾಡುತ್ತದೆ, ಅವರು ಇಡೀ ಮಡಕೆಗೆ ಮಾಡುತ್ತಿದ್ದರು. ತಾತನಿಗೆ ಇದನ್ನು ವಿವರಿಸಲಿಕ್ಕೆ ಹೋದರೆ ಪೂರ್ತಿ ಕೇಳಲೂ ಇಲ್ಲ. "ಕಪ್ಪು ಗಡಿಗಿ ಬೇಕಂದ್ರ ಆವಿಗಿ ಬಾಯಿ ಮುಚ್ಚಿ ಹೊಗಿ ಒಳಗ ಕೂಡಿಹಾಕದು. ನಮ್ಮಪ್ಪನೂ ಮಾಡ್ತಿದ್ದ. ಇದ್ರಾಗ ಏನೈತಿ ಹೊಸದು?"

ಹೊಸದೇನಿಲ್ಲ, ಅದೇ ನಾನು ಹೇಳುತ್ತಿರುವುದು. ಹಾಗಾಗಿಯೇ ಇದನ್ನು ವಿದೇಶಿ ಚಮತ್ಕಾರ ಅಂತ ದುಡ್ಡು ಕೊಟ್ಟು ದೂರದೂರಿನ ವರ್ಕ್‌ಶಾಪಿಗೆ ಹೋಗುವ ಮೊದಲು ನಿಮ್ಮೂರಿನ ಆವಿಗೆ ಮುಂದೆ ಒಂದು ರಾತ್ರಿ ಕೂತು ನೋಡಿ ಅನ್ನುತ್ತೇನೆ. ಹೊಗೆಯ ಬಣ್ಣ ನೋಡಿ ಒಳಗಿನ ಶಾಖ ಹೇಳುವವರು ಅಲ್ಲಿದ್ದಾರೆ, ನನ್ನ ಮೀಟರು ಆಮೇಲೆ ಹೇಳುತ್ತದೆ.

ಆದರೆ ತಾತನಿಗೆ ನನ್ನ ಗಡಿಗೆ ಮೇಲೆ ಒಂದು ತಕರಾರು ಇದ್ದೇ ಇದೆ. ನೀರು ಹಾಕುವ ಹಾಗಿಲ್ಲ. "ನೀರು ನಿಲ್ಲದ ಗಡಿಗಿ ಯಾಕ ಬೇಕವ್ವ?" ಅವರ ಗಡಿಗೆಯೂ ಜಿನುಗುತ್ತದೆ, ಜಿನುಗುವುದರಿಂದಲೇ ನೀರು ತಂಪಾಗುವುದು. ನನ್ನದಕ್ಕೆ ಬಿಸಿಯಿಂದ ದಿಢೀರ್ ಹೊರಗೆ ಬಂದಿದ್ದರಿಂದ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ, ಮೇಲೆ ಮೇಣ ಉಜ್ಜಿರುತ್ತೇವೆ. ಕುಡಿಯುವ ನೀರು, ಊಟ, ಉಪ್ಪಿನಕಾಯಿ ಯಾವುದಕ್ಕೂ ಬಳಸಬಾರದು. ಒಣಗಿದ ಹೂ ಇಡಬಹುದು. ಇದನ್ನು ಕೊಳ್ಳುವವರಿಗೆ ಮೊದಲೇ ಹೇಳುತ್ತೇನೆ, ಕೇಳಿ ಅರ್ಧ ಜನ ವಾಪಸ್ ಹೋಗುತ್ತಾರೆ, ಹೋಗಲಿ.

ಗೆರೆ ಸರಿಬರದ ಗಡಿಗೆ ಬಿಸಾಡಬೇಕಿಲ್ಲ ಅನ್ನುವುದು ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ. ಗೆರೆ ಅಂದರೆ ಬರೀ ಇಂಗಾಲ ತಾನೇ, ಮತ್ತೆ ಭಟ್ಟಿಗಿಟ್ಟು ಗಾಳಿ ಚೆನ್ನಾಗಿ ಬಿಟ್ಟು ಕಾಯಿಸಿದರೆ ಅದು ಸುಟ್ಟು ಹೋಗಿ ಗಡಿಗೆ ಬಿಳಿಯಾಗುತ್ತದೆ. ಇನ್ನೊಂದು ಸಲ ಶುರು ಮಾಡಬಹುದು. ಗಡಿಗೆ ಬದುಕಿದ್ದರೆ.

ಅಮೆರಿಕದಲ್ಲಿ ಸಾಕಿದ ಕುದುರೆ ಸತ್ತರೆ ಅದರ ಬಾಲದ ಕೂದಲು ಕಳಿಸಿ ನೆನಪಿಗೆ ಗಡಿಗೆ ಮಾಡಿಸಿಕೊಳ್ಳುವ ರೂಢಿ ಇದೆ. ಚಾಚಾಗೆ ಹೇಳಿದೆ. ಸತ್ತ ಮೇಲೆ ಯಾಕೆ, ಈಗಲೇ ಮಾಡಿಕೊಡಿ ಅಂದರು. ಅವರ ಬಿಳಿ ಕುದುರೆಯ ಕೂದಲಿನದೇ ಒಂದು ಗಿಡ್ಡ ಹೂಜಿ ಮಾಡಿಕೊಟ್ಟೆ. ಟಿವಿ ಪಕ್ಕ ಇಟ್ಟಿದ್ದಾರೆ, ಚಾಚಿ ಅದರಲ್ಲಿ ಮೊಬೈಲ್ ಚಾರ್ಜರ್ ವೈರು ಸುತ್ತಿಡುತ್ತಾರೆ. ಬಂದವರಿಗೆಲ್ಲ ಚಾಚಾ ಕುದುರೆ ಹೆಸರು ಹೇಳಿ ತೋರಿಸುತ್ತಾರಂತೆ, ಅದನ್ನು ಮಾಡಿದ್ದು ಯಾರು ಅಂತ ಮಾತ್ರ ಹೇಳುವುದಿಲ್ಲವಂತೆ!

ಕಲಿಯಲಿಕ್ಕೆ ಬರುತ್ತೇವೆ ಅಂತ ಕೆಲವರು ಮೆಸೇಜ್ ಮಾಡಿದ್ದೀರಿ. ಗಾಳಿ ಕಡಿಮೆ ಆದ ಮೇಲೆ, ದಸರಾ ಕಳೆದು ಭಟ್ಟಿ ಹಚ್ಚುತ್ತೇನೆ. ಗಡಿಗೆ ನನ್ನದೇ ಇರುತ್ತದೆ, ಒಡೆದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ, ಪಾಲಿಯೆಸ್ಟರ್ ದುಪಟ್ಟಾ, ನೈಲಾನ್ ಸೀರೆ ಬೇಡವೇ ಬೇಡ, ಕಿಡಿ ಬಿದ್ದರೆ ಮೈಗೇ ಅಂಟುತ್ತದೆ. ಚಪ್ಪಲಿ ಬೇಡ, ಶೂ ಇರಲಿ. ಜಡೆ ಇರುವವರು ತುರುಬು ಕಟ್ಟಿಕೊಳ್ಳಿ. ಆರು ಗಂಟೆ ಅಂದರೆ ಆರು ಗಂಟೆ, ಎಂಟಕ್ಕೆ ಬಂದು ಫೋಟೋ ಮಾತ್ರ ತೆಗೆದುಕೊಳ್ಳುತ್ತೇವೆ ಅನ್ನುವವರಿಗೆ ಚಹಾ ಇಲ್ಲ.